ಚಿತ್ರ ಮುಚ್ಚಿದರೂ ವೀರನ ಗುರುತು ಸಿಗಬೇಕು

(ಶಿರಸಿಯಲ್ಲಿ ಮಳೆಗಾಲದ ಒಂದು ಭಾನುವಾರ ಸಂಜೆ, ಕಾರ್ಡಿನಾಟ ಆಡುವವರು ಮತ್ತು ಕಲಿಯಬೇಕೆಂದಿರುವವರು ಸೇರಿದ್ದ ಕೂಟದಲ್ಲಿ ಸೂಪರ್‌ಹೀರೋಗಳ ಮೂರು ಕಾರ್ಡಿನಾಟಗಳ ಬಗ್ಗೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಮೇಜಿನ ಮೇಲೆ ಹರಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾರವಾರದಿಂದ ಗೋವೆ ದಾಟಿ ಮುಂದೆ ಹೋದರೆ ಸಾವಂತವಾಡಿ ಸಿಗುತ್ತದೆ. ಅಲ್ಲಿ ಇಂದಿಗೂ ಕೈಯಲ್ಲೇ ಚಿತ್ರ ಬರೆದು, ಅರಗಿನ ಹೊಳಪು ಕೊಟ್ಟು ಗಂಜೀಫಾ ಎಂಬ ಕಾರ್ಡಿನಾಟದ ಎಲೆಗಳನ್ನು ಮಾಡುತ್ತಾರೆ. ದುಂಡಗಿನ ಎಲೆಗಳು. ದಶಾವತಾರ ಗಂಜೀಫಾದಲ್ಲಿ ಒಂದೊಂದು ಅವತಾರಕ್ಕೆ 12 ಎಲೆ, ಒಟ್ಟು 120. ವೀರರನ್ನು ಎಲೆಯ ಮೇಲೆ ಬರೆದು ಆಡುವುದು ಈ ಕರಾವಳಿಗೆ ಹೊಸತಲ್ಲ ಎಂದು ಹೇಳಲಿಕ್ಕೆ ಇದನ್ನು ಎತ್ತಿದೆ. ಆದರೆ ಒಂದು ಸಂಗತಿ ಗಮನಿಸಿ. ಆ ಆಟದಲ್ಲಿ ನರಸಿಂಹನ ಐದರ ಎಲೆಯೂ ವಾಮನನ ಐದರ ಎಲೆಯೂ ಮಾಡುವ ಕೆಲಸ ಒಂದೇ. ಚಿತ್ರ ಬೇರೆ, ಅಷ್ಟೆ. ಒಂದು ನಿಯಮ ಮಾತ್ರ ಬೇರೆ ಥರದ್ದು: ಹಗಲು ಆಡಿದರೆ ರಾಮನ ರಾಜ ಯಾರ ಕೈಯಲ್ಲಿದೆಯೋ ಅವರು ಆಟ ಶುರು ಮಾಡಬೇಕು, ರಾತ್ರಿ ಆಡಿದರೆ ಕೃಷ್ಣನ ರಾಜ ಇರುವವರು. ರಾಮ ಸೂರ್ಯವಂಶದವನು. ಕೃಷ್ಣ ಚಂದ್ರವಂಶದವನು, ಹುಟ್ಟಿದ್ದೂ ನಡುರಾತ್ರಿ. ಆ ಒಂದು ನಿಯಮದಲ್ಲಿ ಕಥೆ ಚಿತ್ರದಿಂದ ಇಳಿದು ಆಟದೊಳಗೆ ಬಂದಿದೆ.

ಇವತ್ತು ಸೂಪರ್‌ಹೀರೋ ಆಟಗಳನ್ನು ನಾನು ನೋಡುವುದು ಈ ದೃಷ್ಟಿಯಿಂದಲೇ. ಕಾರ್ಡಿನ ಚಿತ್ರವನ್ನು ಹೆಬ್ಬೆರಳಿನಿಂದ ಮುಚ್ಚಿ. ಹೆಸರನ್ನೂ ಮುಚ್ಚಿ. ಕೆಳಗೆ ಬರೆದ ನಿಯಮವನ್ನು ಮಾತ್ರ ಓದಿ. ಇವನು ಯಾರೆಂದು ಗೊತ್ತಾಗುತ್ತದೆಯೇ?

ಇಲ್ಲಿ ಡೆಕ್-ಬಿಲ್ಡಿಂಗ್, ಅಂದರೆ ಆಡುತ್ತಲೇ ಕಟ್ಟು ಕಟ್ಟಿಕೊಳ್ಳುವ ಆಟವನ್ನು ಇನ್ನೂ ಮುಟ್ಟದವರೂ ಇದ್ದೀರಿ, ಅದಕ್ಕೆ ಮೊದಲು ಅದರ ಕ್ರಮ ಹೇಳಿಬಿಡುತ್ತೇನೆ. ಇಸ್ಪೀಟಿನಲ್ಲಿ ಎಲ್ಲರಿಗೂ ಸೇರಿ ಕಟ್ಟು ಒಂದೇ. ಕಲಸಿ ಹಂಚುತ್ತೇವೆ, ಬಂದದ್ದನ್ನು ಆಡುತ್ತೇವೆ. ಇಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಸಣ್ಣ ಕಟ್ಟು. ಶುರುವಿನಲ್ಲಿ ಅದರಲ್ಲಿರುವುದೆಲ್ಲ ಬಡ ಕಾರ್ಡು. ಕೈಗೆ ಬಂದ ಕಾರ್ಡಿನ ಬಲ ಕೂಡಿಸಿ ಮೇಜಿನ ನಡುವಿನ ಒಳ್ಳೆಯ ಕಾರ್ಡನ್ನು ಕೊಳ್ಳುತ್ತೀರಿ. ಕೊಂಡದ್ದು ಆಗಲೇ ಕೈಗೆ ಸಿಗುವುದಿಲ್ಲ, ಆಡಿ ಬಿಟ್ಟ ಕಾರ್ಡುಗಳ ರಾಶಿಗೆ ಸೇರುತ್ತದೆ. ಕಟ್ಟು ಖಾಲಿಯಾದಾಗ ಆ ರಾಶಿಯನ್ನೇ ಕಲಸಿ ಮತ್ತೆ ಕಟ್ಟು ಮಾಡುತ್ತೀರಿ, ಆಗ ಮೊದಲು ಕೊಂಡದ್ದು ಕೈಗೆ ಬರುತ್ತದೆ. ಕೊಳ್ಳುವುದರಷ್ಟೇ ಮುಖ್ಯ, ಹಳೆಯ ಬಡ ಕಾರ್ಡುಗಳನ್ನು ಕಟ್ಟಿನಿಂದ ಹೊರಹಾಕುವುದು. ಹೊಸಬರು ಇದನ್ನು ಮರೆಯುತ್ತಾರೆ. ಇಪ್ಪತ್ತು ಒಳ್ಳೆಯ ಕಾರ್ಡು ಕೊಂಡರೂ ಹತ್ತು ಬಡವು ಹಾಗೇ ಉಳಿದರೆ, ಬೇಕಾದ ಹೊತ್ತಿಗೆ ಬೇಕಾದದ್ದು ಬರುವುದಿಲ್ಲ.

ಈ ಕ್ರಮವನ್ನು ಜಗತ್ತಿಗೆ ಹಬ್ಬಿಸಿದ್ದು 2008ರ ಡೊಮಿನಿಯನ್. ರೂಪಿಸಿದವರು ಡೊನಾಲ್ಡ್ ಎಕ್ಸ್. ವಕ್ಕರಿನೊ. ಮರುವರ್ಷ ಜರ್ಮನಿಯ ಸ್ಪೀಲ್ ಡೆಸ್ ಯಾರೆಸ್ (ವರ್ಷದ ಆಟ) ಪ್ರಶಸ್ತಿ ಅದಕ್ಕೇ ಸಿಕ್ಕಿತು. ಅದು ಊರು, ಸಂತೆ, ಜಮೀನುಗಳ ಆಟ, ಕಥೆ ತೆಳು. ಆದರೆ ಕ್ರಮ ಮಾತ್ರ ಸೂಪರ್‌ಹೀರೋ ಕಥೆಗೆ ಹೇಳಿ ಮಾಡಿಸಿದ್ದು. ಮೊದಲು ಏನೂ ಕೈಲಾಗದವ, ಬರಬರುತ್ತ ಬಲ ಕೂಡಿಸಿಕೊಂಡು ಕೊನೆಗೆ ಖಳನ ಎದುರು ನಿಲ್ಲುತ್ತಾನೆ. ನಾಲ್ಕು ವರ್ಷದಲ್ಲಿ, 2012ರಲ್ಲಿ, ಎರಡು ದೊಡ್ಡ ಕಾಮಿಕ್ಸ್ ಲೋಕಗಳೂ ಈ ಕ್ರಮಕ್ಕೆ ಬಂದವು. ಡಿಸಿಯ ವೀರರನ್ನು ಹಿಡಿದು ಕ್ರಿಪ್ಟೊಜೋಯಿಕ್ ಕಂಪನಿ ಡಿಸಿ ಕಾಮಿಕ್ಸ್ ಡೆಕ್-ಬಿಲ್ಡಿಂಗ್ ಗೇಮ್ ತಂದಿತು. ಮಾರ್ವೆಲ್ ವೀರರನ್ನು ಹಿಡಿದು ಅಪ್ಪರ್ ಡೆಕ್ ಕಂಪನಿ ಲೆಜೆಂಡರಿ ತಂದಿತು.

ಡಿಸಿ ಆಟವನ್ನು ಮೊದಲು ನೋಡೋಣ, ಅದು ಸುಲಭ. ಆರಂಭದ ಕಟ್ಟಿನಲ್ಲಿ 10 ಕಾರ್ಡು: ಏಳು ಗುದ್ದು, ಮೂರು ದೌರ್ಬಲ್ಯ. ಗುದ್ದು ಒಂದು ಬಲ ಕೊಡುತ್ತದೆ, ದೌರ್ಬಲ್ಯ ಏನೂ ಕೊಡುವುದಿಲ್ಲ. ಕೈಗೆ ಐದು ಕಾರ್ಡು. ಅಲ್ಲಿಗೆ ಮೊದಲ ಎರಡು ಸರದಿಗೆ ಸೇರಿ ಎಲ್ಲರಿಗೂ ಏಳೇ ಬಲ, ಅದು ಹೇಗೆ ಒಡೆದು ಬರುತ್ತದೆ ಎನ್ನುವುದಷ್ಟೇ ಅದೃಷ್ಟ. ನಡುವೆ ಸಾಲಾಗಿ ಐದು ಕಾರ್ಡು. ವೀರ, ಖಳ, ಶಕ್ತಿ, ಸಲಕರಣೆ, ಸ್ಥಳ, ಏನು ಬೇಕಾದರೂ ಬರಬಹುದು. ಎಲ್ಲವನ್ನೂ ಅದೇ ಬಲ ಕೊಟ್ಟು ಕೊಳ್ಳುವುದು. ಪಕ್ಕದಲ್ಲಿ ಮಹಾಖಳರ ರಾಶಿ, ಅದರ ಮೇಲೆ ಯಾವಾಗಲೂ ರಾಸ್ ಅಲ್ ಗುಲ್ ಎಂಬ ಖಳ. ಅವನನ್ನು ಸೋಲಿಸಿದರೆ ಮುಂದಿನವನು ತಿರುಗುತ್ತಾನೆ. ಬರುತ್ತಲೇ ಎಲ್ಲರ ಮೇಲೆ ಒಂದು ದಾಳಿ. ಆ ರಾಶಿ ಮುಗಿದಾಗ ಆಟ ಮುಗಿಯುತ್ತದೆ, ಅಂಕ ಹೆಚ್ಚಿದ್ದವರು ಗೆದ್ದರು.

ಹತ್ತು ವರ್ಷದ ಮಗುವಿಗೂ ಹದಿನೈದು ನಿಮಿಷದಲ್ಲಿ ಕಲಿಸಬಹುದು. ಇದನ್ನು ಸಣ್ಣ ಗುಣ ಎಂದು ಭಾವಿಸಬೇಡಿ. ಮನೆಗೆ ನೆಂಟರು ಬಂದಾಗ ಮೇಜಿಗೆ ಬರುವ ಆಟ ಯಾವುದು ಎಂದರೆ, ವಿವರಿಸಲು ಹೊತ್ತು ತಿನ್ನದ ಆಟವೇ.

ಈಗ ಹೆಬ್ಬೆರಳು ಇಟ್ಟು ನೋಡೋಣ. ಪ್ರತಿ ಆಟಗಾರನಿಗೂ ಒಂದು ದೊಡ್ಡ ವೀರ ಕಾರ್ಡು ಸಿಗುತ್ತದೆ. ಒಂದು ಕಾರ್ಡು ಹೇಳುತ್ತದೆ: ಆಟ ನೀನೇ ಶುರು ಮಾಡು, ನಿನ್ನ ಸರದಿಯಲ್ಲಿ ಮೊದಲ ಸಲ ಕಾರ್ಡು ಎಳೆಯುವಾಗ ಒಂದು ಹೆಚ್ಚಿಗೆ ಎಳೆ. ಹೆಸರು ಹೇಳಬೇಕೆ? ಮಿಂಚಿನ ವೇಗದ ಫ್ಲ್ಯಾಶ್! ಇನ್ನೊಂದು ಹೇಳುತ್ತದೆ: ಆಡಿದ ಪ್ರತಿ ಸಲಕರಣೆಗೂ ಒಂದು ಬಲ ಹೆಚ್ಚು. ಮೈಯಲ್ಲಿ ಯಾವ ಮಾಯಾಶಕ್ತಿಯೂ ಇಲ್ಲದೆ ಸಲಕರಣೆಗಳಿಂದಲೇ ಗೆಲ್ಲುವ ಬ್ಯಾಟ್‌ಮ್ಯಾನ್. ಬೇರೆ ಬೇರೆ ಶಕ್ತಿ ಆಡಿದಷ್ಟೂ ಬಲ ಕೂಡುತ್ತ ಹೋಗುವವನು ಸೂಪರ್‌ಮ್ಯಾನ್. ಇಲ್ಲಿಯವರೆಗೆ ಚೆನ್ನ. ಆದರೆ ಕಡಲಿನ ವೀರ ಅಕ್ವಾಮ್ಯಾನ್ ಕಾರ್ಡು ಏನೆನ್ನುತ್ತದೆ? ಐದು ಅಥವಾ ಅದಕ್ಕಿಂತ ಕಡಿಮೆ ಬೆಲೆಗೆ ಪಡೆದ ಕಾರ್ಡನ್ನು ಕಟ್ಟಿನ ಮೇಲೇ ಇಟ್ಟುಕೊಳ್ಳಬಹುದು ಎನ್ನುತ್ತದೆ. ಆಟದಲ್ಲಿ ಬಹಳ ಉಪಯೋಗದ ನಿಯಮ. ಸಮುದ್ರ ಎಲ್ಲಿದೆ ಅದರಲ್ಲಿ? ಕಡಲ ಜಿಲ್ಲೆಯವರಾದ ನಮಗೆ ಇದು ಸ್ವಲ್ಪ ನೋವಿನ ವಿಷಯವೇ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಆಟದಲ್ಲಿ ಖಳನನ್ನು ಸೋಲಿಸುವುದೂ ಸಲಕರಣೆ ಕೊಳ್ಳುವುದೂ ಒಂದೇ ಕ್ರಿಯೆ. ಸೋತ ಖಳ ನಿಮ್ಮ ಕಟ್ಟಿಗೇ ಸೇರುತ್ತಾನೆ. ಮುಂದೆ ಅವನ ಕಾರ್ಡು ಆಡಿ ಪಕ್ಕದವರ ಮೇಲೆ ದಾಳಿ ಮಾಡುತ್ತೀರಿ. ಬ್ಯಾಟ್‌ಮ್ಯಾನ್ ಆದ ನಾನು ಖಳರನ್ನು ಬಿಟ್ಟು ವಂಡರ್ ವುಮನ್ ಆದ ನಿಮಗೆ ತೊಂದರೆ ಕೊಡುತ್ತಿರುತ್ತೇನೆ. ಲೆಕ್ಕದ ದೃಷ್ಟಿಯಿಂದ ಚೊಕ್ಕ ಆಟ, ಆದರೆ ಕಥೆ ಆಗಲೇ ಕಳಚಿ ಬಿದ್ದಿರುತ್ತದೆ. ಎಲ್ಲರೂ ಒಂದಾಗಿ ಆಡುವ ಕ್ರೈಸಿಸ್ ಎಂಬ ವಿಸ್ತರಣೆ 2014ರಲ್ಲಿ ಬಂದು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿತು. ಮೂಲ ಪೆಟ್ಟಿಗೆಯಲ್ಲಿ ಅದಿಲ್ಲ.

ಇನ್ನು ಲೆಜೆಂಡರಿ. ಇದನ್ನು ರೂಪಿಸಿದವರು ಡೆವಿನ್ ಲೋ. ಇಲ್ಲಿ ಬಹಳ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಈ ಬಗೆಯ ಆಟಗಳಲ್ಲಿ ಖಳನ ಭಯ ನಿಜವಾಗಿ ತಟ್ಟುವುದು ಇದರಲ್ಲೇ.

ಮೊದಲ ವ್ಯತ್ಯಾಸ, ಇಲ್ಲಿ ನೀವು ವೀರರಲ್ಲ. ಮಾರ್ವೆಲ್ ಕಥೆಗಳ ಗುಪ್ತಚರ ಸಂಸ್ಥೆಯಾದ ಶೀಲ್ಡ್ ಪರವಾಗಿ ವೀರರನ್ನು ಕರೆತರುವವರು. ನಿಮ್ಮ 12 ಕಾರ್ಡುಗಳ ಕಟ್ಟಿನಲ್ಲಿ ಎಂಟು ಏಜೆಂಟರು, ನಾಲ್ವರು ಸೈನಿಕರು. ಏಜೆಂಟ್ ಕೊಡುವುದು ನೇಮಕದ ಬಲ, ಸೈನಿಕ ಕೊಡುವುದು ಹೊಡೆತದ ಬಲ. ಒಂದನ್ನು ಇನ್ನೊಂದರ ಬದಲು ಬಳಸುವಂತಿಲ್ಲ. ಡಿಸಿಯಲ್ಲಿ ಒಂದೇ ಇದ್ದದ್ದು ಇಲ್ಲಿ ಎರಡಾಯಿತು, ಅದರಿಂದ ಆಟದ ಸ್ವಭಾವವೇ ಬದಲಾಯಿತು. ಬರೀ ನೇಮಕ ಮಾಡುತ್ತ ಕೂತರೆ ಖಳರು ಊರು ದಾಟುತ್ತಾರೆ. ಬರೀ ಹೊಡೆಯುತ್ತ ಕೂತರೆ ಮುಂದಿನ ದೊಡ್ಡ ಖಳನಿಗೆ ಸಾಲುವಷ್ಟು ಬಲ ಬೆಳೆಯುವುದಿಲ್ಲ.

ಊರು ದಾಟುವುದೆಂದರೆ ಏನು? ಹಲಗೆಯ ಮೇಲೆ ಐದು ಮನೆಗಳಿವೆ: ಚರಂಡಿ, ಬ್ಯಾಂಕು, ಚಾವಣಿ, ಬೀದಿ, ಸೇತುವೆ. ಪ್ರತಿ ಸರದಿಯ ಮೊದಲಿಗೆ ಖಳರ ಕಟ್ಟಿನಿಂದ ಒಂದು ಕಾರ್ಡು ತೆರೆಯಲೇಬೇಕು. ಖಳ ಬಂದರೆ ಚರಂಡಿಗೆ ಇಳಿಯುತ್ತಾನೆ, ಅಲ್ಲಿ ಯಾರಾದರೂ ಇದ್ದರೆ ಅವರನ್ನು ಮುಂದಕ್ಕೆ ತಳ್ಳುತ್ತಾನೆ. ಸೇತುವೆಯಿಂದಾಚೆ ಹೋದವನು ತಪ್ಪಿಸಿಕೊಂಡ. ಆಗ ನೇಮಕಕ್ಕೆ ಸಾಲಾಗಿ ಕಾದಿದ್ದ ಐವರಲ್ಲಿ ಆರು ಅಥವಾ ಅದಕ್ಕಿಂತ ಕಡಿಮೆ ಬೆಲೆಯ ಒಬ್ಬ ವೀರ ಆಟದಿಂದಲೇ ಹೊರಗೆ. ಹೋದ ಖಳ ದಾರಿಹೋಕರನ್ನು ಹಿಡಿದೊಯ್ದಿದ್ದರೆ ಪ್ರತಿಯೊಬ್ಬರೂ ಒಂದು ಕಾರ್ಡು ಕಳೆದುಕೊಳ್ಳಬೇಕು. ನಾವು ನಾಲ್ವರು ಕೂತು ಲೆಕ್ಕ ಹಾಕುತ್ತಿರುವಾಗ ಆ ಸಾಲು ತನ್ನ ಪಾಡಿಗೆ ಸರಿಯುತ್ತಲೇ ಇರುತ್ತದೆ. ಯಾರಿಗೂ ಕಾಯುವುದಿಲ್ಲ.

ಯಕ್ಷಗಾನ ನೋಡಿ ಬೆಳೆದ ನಮಗೆ ಇದರ ಮರ್ಮ ಬೇಗ ಹಿಡಿಯುತ್ತದೆ. ಕೌರವನ ವೇಷ ಸಪ್ಪೆಯಾದರೆ ಗದಾಯುದ್ಧದಲ್ಲಿ ಭೀಮ ಎಷ್ಟು ಕುಣಿದರೂ ರಂಗ ಏರುವುದಿಲ್ಲ. ಲೆಜೆಂಡರಿಯಲ್ಲಿ ಆಟ ಹೂಡುವಾಗ ಮೊದಲು ಆರಿಸುವುದೇ ಖಳನಾಯಕನನ್ನು ಮತ್ತು ಅವನ ಸಂಚನ್ನು, ಅಂದರೆ ಇವತ್ತಿನ ಪ್ರಸಂಗ ಯಾವುದು, ಎದುರು ವೇಷ ಯಾರದು ಎಂಬುದನ್ನು. ವೀರರ ಮೇಳವನ್ನು ಕೂಡಿಸುವುದು ಆಮೇಲೆ. ಮೂಲ ಪೆಟ್ಟಿಗೆಯಲ್ಲಿ ನಾಲ್ವರು ಖಳನಾಯಕರು, ಎಂಟು ಸಂಚು, ಹದಿನೈದು ವೀರರು. ಹದಿನೈದರಲ್ಲಿ ಐವರನ್ನು ಆರಿಸಲು 3,003 ದಾರಿಗಳಿವೆ. ಅದಕ್ಕೆ ಖಳನಾಯಕ ಮತ್ತು ಸಂಚುಗಳನ್ನು ಗುಣಿಸಿದರೆ 96,096 ಬೇರೆ ಬೇರೆ ಹೂಟ. ಪುಂಡರ ಗುಂಪುಗಳನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಪ್ರತಿ ಖಳನಾಯಕನೂ ಬೇರೆ ರೀತಿ ನೋಯಿಸುತ್ತಾನೆ. ಖಳರ ಕಟ್ಟಿನಲ್ಲಿ ಐದು ‘ಮಾಸ್ಟರ್ ಸ್ಟ್ರೈಕ್’ ಕಾರ್ಡುಗಳಿರುತ್ತವೆ. ಅವು ತೆರೆದಾಗ ಮ್ಯಾಗ್ನೆಟೋ ಇದ್ದರೆ, ಎಕ್ಸ್-ಮೆನ್ ತಂಡದ ವೀರನನ್ನು ತೋರಿಸಿ, ಇಲ್ಲವೇ ಕೈಯಲ್ಲಿ ನಾಲ್ಕೇ ಕಾರ್ಡು ಉಳಿಸಿಕೊಳ್ಳಿ ಎನ್ನುತ್ತಾನೆ. ಕಾಮಿಕ್ಸ್ ಓದಿದವರಿಗೆ ಗೊತ್ತು, ಅವನ ಜಗಳ ಇರುವುದೇ ಎಕ್ಸ್-ಮೆನ್ ಜೊತೆ. ರೆಡ್ ಸ್ಕಲ್ ಬಂದರೆ ಕೈಯಲ್ಲಿರುವ ಒಬ್ಬ ವೀರನನ್ನು ಶಾಶ್ವತವಾಗಿ ಕಳೆದುಕೊಳ್ಳಬೇಕು. ಲೋಕಿ ಗಾಯದ ಕಾರ್ಡು ಹಂಚುತ್ತಾನೆ. ಖಳನಾಯಕನನ್ನು ನಾಲ್ಕು ಸಲ ಸೋಲಿಸಬೇಕು, ಅಷ್ಟರೊಳಗೆ ಸಂಚು ಪೂರ್ಣವಾದರೆ ಎಲ್ಲರೂ ಸೋತಂತೆ. ಸಂಚುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಯಾರ ರೂಪವನ್ನಾದರೂ ತಾಳಬಲ್ಲ ಸ್ಕ್ರಲ್ ವೇಷಗಾರರದ್ದು. 12 ವೀರ ಕಾರ್ಡುಗಳನ್ನು ಖಳರ ಕಟ್ಟಿನಲ್ಲೇ ಬೆರೆಸಿಡುತ್ತಾರೆ. ಅವು ಊರೊಳಗೆ ಬಂದಾಗ ಶತ್ರುಗಳೇ. ಸೋಲಿಸಿದರೆ ಮಾತ್ರ ಅಸಲಿ ವೀರ ನಿಮ್ಮವನಾಗುತ್ತಾನೆ. ನಂಬಿದ ಮುಖವನ್ನೇ ಹೊಡೆಯಬೇಕಾದ ಸಂಕಟ ಪೂರ್ತಿ ನಿಯಮದಲ್ಲೇ ಇದೆ.

ಇಲ್ಲಿಯೂ ವೀರರ ಚಿತ್ರ ಮುಚ್ಚಿ. ಒಬ್ಬನ ಕಾರ್ಡುಗಳ ಬೆಲೆ ಎಲ್ಲವೂ ಎರಡೇ. ಕಟ್ಟಿನ ಮೇಲಿನ ಕಾರ್ಡು ನೋಡು, ಅದರ ಬೆಲೆ ಎರಡು ಅಥವಾ ಕಡಿಮೆ ಇದ್ದರೆ ಕೈಗೆ ತೆಗೆದುಕೋ ಎನ್ನುತ್ತವೆ. ಅಗ್ಗದವನು, ಚುರುಕಿನವನು, ಒಂದು ನೆಗೆತದಿಂದ ಇನ್ನೊಂದಕ್ಕೆ ದಾಟುವವನು: ಸ್ಪೈಡರ್‌ಮ್ಯಾನ್. ಇನ್ನೊಬ್ಬನ ಕಾರ್ಡು ಆಡಿದರೆ ಮೇಜಿನ ಸುತ್ತ ಇರುವ ಎಲ್ಲರಿಗೂ ಒಂದೊಂದು ಗಾಯ, ಅವನ ಮತ್ತೊಂದು ಕಾರ್ಡು ನಿಮ್ಮ ಗಾಯವನ್ನು ಕಿತ್ತೆಸೆದು ಅದನ್ನೇ ಹೊಡೆತವಾಗಿ ಮಾಡುತ್ತದೆ. ಸಿಟ್ಟೇ ಬಲವಾದ ಹಲ್ಕ್ ಅಲ್ಲದೆ ಇನ್ಯಾರು! ಕ್ಯಾಪ್ಟನ್ ಅಮೆರಿಕ ನಿಮ್ಮ ಬಳಿ ಎಷ್ಟು ಬಣ್ಣದ ವೀರರಿದ್ದಾರೋ ಅಷ್ಟು ಬಲ ಕೊಡುತ್ತಾನೆ, ಒಂಟಿಯಾಗಿ ಅವನು ದೊಡ್ಡವನಲ್ಲ. ಮುಟ್ಟಿದವರ ಶಕ್ತಿಯನ್ನು ಹೀರಿಕೊಳ್ಳುವ ರೋಗ್ ಎಂಬಾಕೆ ಆ ಸರದಿಯಲ್ಲಿ ಆಡಿದ ಇನ್ನೊಬ್ಬ ವೀರನ ನಕಲಾಗುತ್ತಾಳೆ. ಡೆಡ್‌ಪೂಲ್‌ನ ಒಂದು ಕಾರ್ಡು ನೀವೇ ಆರಿಸಿದ ಖಳನ ಕೈಗೆ ಒಬ್ಬ ದಾರಿಹೋಕನನ್ನು ಒಪ್ಪಿಸುತ್ತದೆ, ಅಂಥ ಬೇಜವಾಬ್ದಾರಿ ಆಸಾಮಿ ಅವನು. ಐದಾರು ಪದದ ನಿಯಮದಲ್ಲಿ ಇಷ್ಟು ಗುಣಚಿತ್ರ ಬರೆಯುವುದು ಸಣ್ಣ ಕಸುಬಲ್ಲ. ಇದನ್ನು ಸಾಹಿತ್ಯದ ಕೆಲಸ ಎಂದೇ ನಾನು ಗೌರವಿಸುತ್ತೇನೆ.

ಕೊರತೆಗಳೂ ಇವೆ. ಆಟ ಹೂಡಲಿಕ್ಕೆ ಹೊತ್ತು ಬೇಕು, ಮುಗಿದ ಮೇಲೆ ವೀರರನ್ನೆಲ್ಲ ಬೇರ್ಪಡಿಸಿ ಇಡಲು ಇನ್ನೂ ಹೊತ್ತು ಬೇಕು. ಒಟ್ಟಾಗಿ ಖಳನನ್ನು ಸೋಲಿಸಿದ ಮೇಲೆ ಅಂಕ ಎಣಿಸಿ ಒಬ್ಬರನ್ನು ಮಾತ್ರ ಗೆದ್ದವರೆಂದು ಸಾರುವುದು ನನಗೆ ಒಪ್ಪಿಗೆಯಿಲ್ಲ. ಊರು ಉಳಿಸುವ ಹೊತ್ತಿನಲ್ಲಿ ಅಂಕದ ಆಸೆಗೆ ಸಣ್ಣ ಖಳನನ್ನು ಹೊಡೆಯುತ್ತ ಕೂರುವವರು ಮೇಜಿಗೆ ಒಬ್ಬರಾದರೂ ಇರುತ್ತಾರೆ. ನಮ್ಮ ಮನೆಯಲ್ಲಿ ಅಂಕ ಎಣಿಸುವುದನ್ನು ಬಿಟ್ಟಿದ್ದೇವೆ, ಆಟ ಏನೂ ಕೆಟ್ಟಿಲ್ಲ.

ಮೂರನೆಯದು ಮಾರ್ವೆಲ್ ಚಾಂಪಿಯನ್ಸ್. ಫ್ಯಾಂಟಸಿ ಫ್ಲೈಟ್ ಕಂಪನಿ 2019ರಲ್ಲಿ ತಂದದ್ದು. ಕಟ್ಟುನಿಟ್ಟಾಗಿ ಹೇಳಿದರೆ ಇದು ಡೆಕ್-ಬಿಲ್ಡಿಂಗ್ ಸಾಲಿಗೆ ಸೇರುವುದಿಲ್ಲ. ಇಲ್ಲಿ ಆಟದ ನಡುವೆ ಕೊಳ್ಳುವುದಿಲ್ಲ, ಆಟಕ್ಕೆ ಮೊದಲೇ 40ರಿಂದ 50 ಕಾರ್ಡುಗಳ ಕಟ್ಟು ಕಟ್ಟಿಕೊಂಡು ಬರುತ್ತೀರಿ. ಅದರಲ್ಲಿ 15 ನಿಮ್ಮ ವೀರನದೇ. ಉಳಿದವುಗಳಲ್ಲಿ ಹೆಚ್ಚಿನವು ಆಕ್ರಮಣ, ನ್ಯಾಯ, ನಾಯಕತ್ವ, ರಕ್ಷಣೆ ಎಂಬ, ಮೂಲ ಪೆಟ್ಟಿಗೆಯ ನಾಲ್ಕು ಹಾದಿಗಳಲ್ಲಿ ನೀವು ಆರಿಸಿದ ಒಂದರವು. ಆದರೂ ಈ ಹೋಲಿಕೆಯಲ್ಲಿ ಇದನ್ನು ಬಿಡಲಾರೆ, ಯಾಕೆಂದರೆ ಹೆಬ್ಬೆರಳಿನ ಪರೀಕ್ಷೆಯಲ್ಲಿ ಇದರಷ್ಟು ಚೆನ್ನಾಗಿ ತೇರ್ಗಡೆಯಾದ ಆಟ ನಾನು ಕಂಡಿಲ್ಲ.

ನಿಮ್ಮ ಮುಂದಿನ ಮುಖ್ಯ ಕಾರ್ಡಿಗೆ ಎರಡು ಮುಖ. ಒಂದು ಕಡೆ ಸ್ಪೈಡರ್‌ಮ್ಯಾನ್, ತಿರುಗಿಸಿದರೆ ಮುಖವಾಡದೊಳಗಿನ ಪೀಟರ್ ಪಾರ್ಕರ್. ವೀರನ ಮುಖ ಮೇಲಿದ್ದರೆ ಖಳ ನಿಮ್ಮನ್ನು ಹೊಡೆಯುತ್ತಾನೆ. ಮನುಷ್ಯನ ಮುಖ ಮೇಲಿದ್ದರೆ ನೀವು ವಿಶ್ರಾಂತಿ ಪಡೆಯಬಹುದು, ಗಾಯ ಮಾಯಿಸಿಕೊಳ್ಳಬಹುದು, ಆದರೆ ಆ ಹೊತ್ತಿಗೆ ಖಳ ತನ್ನ ಸಂಚನ್ನು ಮುಂದೆ ಸಾಗಿಸುತ್ತಾನೆ. ದಣಿವಾರಿಸಿಕೊಂಡಷ್ಟೂ ಊರಿಗೆ ಅಪಾಯ. ಮುಖವಾಡದ ವೀರನ ಬದುಕಿನ ತೊಳಲಾಟ ಈ ಒಂದು ನಿಯಮದಲ್ಲಿದೆ.

ಪೀಟರ್‌ಗೆ ಅವನ ದೊಡ್ಡಮ್ಮ ಮೇಯ ಕಾರ್ಡು ಇದೆ, ಅವಳು ನಾಲ್ಕು ಪೆಟ್ಟನ್ನು ಮಾಯಿಸುತ್ತಾಳೆ, ಅದೂ ಅವನು ಪೀಟರ್ ಆಗಿ ಮನೆಯಲ್ಲಿದ್ದಾಗ ಮಾತ್ರ. ಅವನನ್ನು ಕಾಡಲು ಖಳರ ಕಟ್ಟಿನಲ್ಲಿ ಬೆರೆಯುವ ಕಾರ್ಡು ಯಾವುದು ಗೊತ್ತೇ? ಮನೆ ಖಾಲಿ ಮಾಡಿ ಎಂಬ ನೋಟಿಸು. ವಕೀಲೆಯಾದ ಶೀ-ಹಲ್ಕ್‌ಗೆ ಕೋರ್ಟಿನ ಕೆಲಸ, ಐರನ್ ಮ್ಯಾನ್‌ಗೆ ವ್ಯಾಪಾರದ ತಾಪತ್ರಯ. ಐರನ್ ಮ್ಯಾನ್‌ನನ್ನು ಇನ್ನಷ್ಟು ನೋಡಿ. ವೀರನ ಮುಖದಲ್ಲಿ ಅವನ ಕೈಗೆ ಸಿಗುವುದು ಒಂದೇ ಕಾರ್ಡು! ಬೂಟು, ಕೈಗವಸು, ಕವಚ ಎಂದು ತಂತ್ರಜ್ಞಾನದ ಒಂದೊಂದೇ ಕಾರ್ಡನ್ನು ಮುಂದೆ ಜೋಡಿಸಿದಂತೆ ಕೈ ಒಂದೊಂದೇ ಬೆಳೆಯುತ್ತದೆ, ಏಳರವರೆಗೆ. ಕವಚವಿಲ್ಲದ ಟೋನಿ ಸ್ಟಾರ್ಕ್ ಯುದ್ಧದಲ್ಲಿ ಎಷ್ಟರವನು ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಲಾಗದು.

ಕಾರ್ಡಿಗೆ ಬೆಲೆ ಕೊಡುವ ಕ್ರಮವೂ ಸೊಗಸು. ಬೇರೆ ಹಣವಿಲ್ಲ, ಒಂದು ಕಾರ್ಡು ಆಡಲು ಕೈಯಲ್ಲಿರುವ ಬೇರೆ ಕಾರ್ಡುಗಳನ್ನೇ ಬಿಡಬೇಕು. ಪ್ರತಿ ಸರದಿಯಲ್ಲೂ ಇಷ್ಟವಾದ ಏನನ್ನೋ ತ್ಯಾಗ ಮಾಡುತ್ತೀರಿ. ಮೂಲ ಪೆಟ್ಟಿಗೆಯಲ್ಲಿ ಐವರು ವೀರರು, ಮೂವರು ಖಳರು. ಮುಂದಿನವರು ಚಿಕ್ಕ ಪೊಟ್ಟಣಗಳಲ್ಲಿ ಬರುತ್ತಾರೆ, ಪೊಟ್ಟಣದಲ್ಲಿ ಏನಿದೆ ಎಂಬುದು ಮೊದಲೇ ಗೊತ್ತಿರುತ್ತದೆ. 1993ರ ಮ್ಯಾಜಿಕ್ ಎಂಬ ಕಾರ್ಡಿನಾಟದಿಂದ ಬಂದ, ಒಡೆದು ನೋಡುವವರೆಗೆ ಏನಿದೆಯೋ ತಿಳಿಯದ ಪೊಟ್ಟಣದ ಪದ್ಧತಿ ಇಲ್ಲಿಲ್ಲ. ಮಕ್ಕಳ ಕೈಗೆ ಕೊಡುವಾಗ ಇದು ನನಗೆ ದೊಡ್ಡ ನೆಮ್ಮದಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸುತ್ತೇನೆ.

ಯಾವುದನ್ನು ಮೊದಲು ಕೊಳ್ಳಬೇಕು ಎಂದು ಒಬ್ಬ ತಾಯಿ ಕೇಳಿದರು. ಮನೆಯಲ್ಲಿ ಮಕ್ಕಳಿದ್ದು, ಸ್ಪರ್ಧೆ ಇಷ್ಟವಾದರೆ ಡಿಸಿ. ನಾಲ್ಕು ಜನ ಸಂಜೆ ಪೂರ್ತಿ ಕೂರುವಂತಿದ್ದರೆ ಲೆಜೆಂಡರಿ. ಒಬ್ಬರೇ ಅಥವಾ ಇಬ್ಬರೇ ಆಡುವುದಾದರೆ ಕಣ್ಣು ಮುಚ್ಚಿ ಚಾಂಪಿಯನ್ಸ್. ಇವೆಲ್ಲ ಆಮದಾಗಿ ಬರುವವು, ಬೆಲೆ ಕಮ್ಮಿಯೇನಲ್ಲ. ನಾಲ್ಕು ಮನೆಯವರು ಸೇರಿ ಒಂದು ಪೆಟ್ಟಿಗೆ ಕೊಂಡು ಸರದಿಯಂತೆ ಇಟ್ಟುಕೊಳ್ಳುವುದು ನಮ್ಮಂಥ ಊರಿಗೆ ಸರಿಯಾದ ದಾರಿ.

ಕಾರವಾರದಿಂದ ಬಂದಿದ್ದ ಹುಡುಗನೊಬ್ಬ ಕಾರ್ಡುಗಳು ಮಳೆಗಾಲದಲ್ಲಿ ಬಾಗಿ ಅಂಟಿಕೊಳ್ಳುತ್ತವೆ ಎಂದ. ಕಡಲ ಗಾಳಿಗೂ ಮಲೆನಾಡಿನ ಥಂಡಿಗೂ ಬರಿಯ ಕಾರ್ಡು ತಡೆಯುವುದಿಲ್ಲ. ಈ ಮೂರೂ ಆಟಗಳ ಮಾಮೂಲಿ ಕಾರ್ಡಿನ ಅಳತೆ 63.5 x 88 ಮಿ.ಮೀ., ಆ ಅಳತೆಯ ಪ್ಲಾಸ್ಟಿಕ್ ಸ್ಲೀವ್ ಹಾಕಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆ ಇಟ್ಟು ಮುಚ್ಚಿ. ಹಪ್ಪಳದ ಡಬ್ಬಿಯೇ ಆದೀತು, ಎಣ್ಣೆ ಪಸೆ ಇರಬಾರದು.

ಕೊನೆಗೆ ಕಾಲೇಜು ಹುಡುಗಿಯೊಬ್ಬಳು ಕೇಳಿದಳು: ನಮ್ಮ ಜಿಲ್ಲೆಯವರನ್ನೇ ಇಟ್ಟುಕೊಂಡು ಇಂಥ ಆಟ ಮಾಡಬಹುದೇ, ಸರ್? ಮಾಡಬಹುದು. ಆದರೆ ಚಿತ್ರದಿಂದ ಶುರು ಮಾಡಬೇಡಿ ಎಂದೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನೇ ತೆಗೆದುಕೊಳ್ಳಿ. ಪೋರ್ಚುಗೀಸರು ಅವಳನ್ನು ಕರೆದದ್ದೇ ಕಾಳುಮೆಣಸಿನ ರಾಣಿ ಎಂದು. ಅವಳ ಕಾರ್ಡಿನ ಚಿತ್ರ ಮುಚ್ಚಿದರೂ ಗುರುತು ಸಿಗಬೇಕಾದರೆ ನಿಯಮ ಹೇಗಿರಬೇಕು? ನಾನು ಅಲ್ಲೇ ಹೊಳೆದದ್ದು ಹೇಳಿದೆ. ಆರಂಭದ ಕಟ್ಟಿನಲ್ಲಿ ಮೆಣಸಿನ ಕಾರ್ಡುಗಳಿರಲಿ. ಮೆಣಸು ಮಾರಿದರೆ ಬಲ ಬರಲಿ, ಆದರೆ ಮಾರಿದಾಗಲೆಲ್ಲ ಹಲಗೆಯ ಕಡಲಿನಲ್ಲಿ ಪೋರ್ಚುಗೀಸ್ ಹಡಗು ಒಂದು ಮನೆ ಮುಂದೆ ಬರಲಿ. ಸಂಪತ್ತು ತಂದುಕೊಡುವುದೇ ಶತ್ರುವನ್ನೂ ಕರೆತರಲಿ. ಮಿರ್ಜಾನ ಕೋಟೆಯ ಕಾರ್ಡು ಮುಂದಿದ್ದರೆ ಹಡಗು ಒಂದು ಸರದಿ ತಡೆದು ನಿಲ್ಲಲಿ. ಅಷ್ಟು ಹೇಳುವುದರೊಳಗೆ ಅವಳು ನಡುವೆ ಬಾಯಿ ಹಾಕಿದಳು: ಹಡಗು ನದಿಯೊಳಗೂ ಬರಬೇಕು ಸರ್, ಗೇರುಸೊಪ್ಪೆ ಇರುವುದು ಶರಾವತಿಯ ದಂಡೆಯ ಮೇಲೆ, ಸಮುದ್ರದಲ್ಲೇ ನಿಂತರೆ ಹೇಗೆ? ಹೌದು, ಹಲಗೆಯಲ್ಲಿ ಕಡಲಿನ ಮನೆಗಳ ಜೊತೆಗೆ ನದಿಯ ಮನೆಗಳೂ ಬೇಕು. ಹದಿನೈದು ಕಾರ್ಡು ಪೆನ್ಸಿಲ್ಲಿನಲ್ಲೇ ಬರೆದು ತಾ, ಮುಂದಿನ ಕೂಟದಲ್ಲಿ ಅದನ್ನೇ ಆಡಿ ನೋಡೋಣ ಎಂದೆ.